ರೂಟರ್ ಕೊಳ್ಳುವ ಮೊದಲು ಗೋಡೆ ನೋಡಿ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಊಟ ಮುಗಿಸಿ ಬಾಳೆ ಎತ್ತುವಷ್ಟರಲ್ಲಿ ಕೇಸು ನನ್ನ ಮುಂದೆ ಬಂತು. "ನಿಂಗೆ ಇದೆಲ್ಲ ಗೊತ್ತಿದ್ದಲ, ಈ ರೂಟರ್ ಎಂತಕ್ಕೆ ಹಿಂಗೆ ಮಾಡ್ತು ನೋಡು ಮಾರಾಯ. ಜಗಲಿಲಿ ಕಡ್ಡಿ ತುಂಬಿರ್ತು, ಮಾಳಿಗೆ ಹತ್ತಿರೆ ಒಂದೂ ಬತ್ತಿಲ್ಲೆ."

ಮಾಳಿಗೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗ. ಜಗಲಿಯ ಮೂಲೆಯಲ್ಲಿ, ಟಿವಿಯ ಹಿಂದೆ, ಆರು ಕೊಂಬಿನ ರೂಟರ್. ಆನ್‌ಲೈನಿನಲ್ಲಿ ಆರು ಸಾವಿರ ಕೊಟ್ಟು ತರಿಸಿದ್ದು, ಕೊಂಬಿಗೊಂದು ಸಾವಿರ. ಅದಕ್ಕೂ ಮಾಳಿಗೆಗೂ ನಡುವೆ ಒಂದೂವರೆ ಅಡಿ ದಪ್ಪದ ಚಿರೆಕಲ್ಲಿನ ಗೋಡೆ, ಗೋಡೆಯಾಚೆ ನಾಗಂದಿಗೆ ತುಂಬ ತಾಮ್ರ, ಹಿತ್ತಾಳೆ ಪಾತ್ರೆ. ಹಳೆಯ ರೂಟರ್ ಹಾಕಿ ನೋಡಿದೆ, ಹೊಸದು ಹಾಕಿ ನೋಡಿದೆ. ಮಾಳಿಗೆಯಲ್ಲಿ ಎರಡೂ ಒಂದೇ.

ರೂಟರ್ ವಿಷಯಕ್ಕೆ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು "ಯಾವ ಕಂಪನಿದು ಒಳ್ಳೇದು?" ಅಂತ. ಅದನ್ನು ಕೊನೆಗೆ ಕೇಳಿದರೆ ಸಾಕು. ಟಿಪಿ-ಲಿಂಕ್, ಡಿ-ಲಿಂಕ್, ಆಸುಸ್, ನೆಟ್‌ಗಿಯರ್, ಟೆಂಡಾ, ಯಾವುದೇ ಇರಲಿ, ಒಂದೇ ಬೆಲೆಯ ಎರಡು ರೂಟರುಗಳ ವ್ಯತ್ಯಾಸಕ್ಕಿಂತ ನಿಮ್ಮ ಮನೆಯ ಎರಡು ಕೋಣೆಗಳ ವ್ಯತ್ಯಾಸ ದೊಡ್ಡದು. ಮೊದಲು ನೋಡಬೇಕಾದ್ದು ಮನೆಯೊಳಗೆ ಬರುವ ತಂತಿ, ಆಮೇಲೆ ಪ್ಲಾನಿನ ವೇಗ, ಆಮೇಲೆ ಗೋಡೆ. ನಮ್ಮ ಊರುಗಳಲ್ಲಿ ಕರೆಂಟನ್ನೂ ಸೇರಿಸಿಕೊಳ್ಳಿ.

ಮನೆಗೆ ಬರುವ ತಂತಿ ಯಾವುದು?

ನಾನೇ ಒಮ್ಮೆ ಇದರಲ್ಲಿ ಬಿದ್ದಿದ್ದೇನೆ. ಮನೆಗೆ ಫೈಬರ್ ಬರುತ್ತದೆಂದು ಗೊತ್ತಾದ ವಾರವೇ ಉತ್ಸಾಹದಲ್ಲಿ ಅಂಗಡಿಗೆ ಹೋಗಿ ರೂಟರ್ ತಂದೆ. ಹಿಂದೆ ತಿರುಗಿಸಿ ನೋಡಿದರೆ ಅದರಲ್ಲಿದ್ದದ್ದು ಟೆಲಿಫೋನ್ ತಂತಿ ಚುಚ್ಚುವ ಸಣ್ಣ ತೂತು. ಎಡಿಎಸ್ಎಲ್ ರೂಟರ್. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಶುರುವಾದಾಗಿನಿಂದ ಊರ ತುಂಬ ಬಂದ ಜಾತಿ ಅದು. ತಾಮ್ರದ ಫೋನ್ ಲೈನಿಗೆ ಸರಿ, ಫೈಬರಿಗೆ ಉಪಯೋಗವಿಲ್ಲ. ಇಂದಿಗೂ ಅಂಗಡಿಗಳಲ್ಲಿ, ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ಅಗ್ಗ ಯಾಕೆ ಅಂತ ಯಾರೂ ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ "ಎಡಿಎಸ್ಎಲ್" ಎಂದಿದ್ದರೆ ಮುಟ್ಟಬೇಡಿ.

ಈಗ ಬಹುಪಾಲು ಮನೆಗಳಿಗೆ ಬರುವುದು ಫೈಬರ್. ಕಂಬದಿಂದ ಇಳಿದ ತೆಳು ಕಪ್ಪು ದಾರ ಮನೆಯೊಳಗೆ ಒಂದು ಪೆಟ್ಟಿಗೆಗೆ ಸೇರುತ್ತದೆ. ಅದೇ ಒಎನ್‌ಟಿ, ಕೆಲವರು ಒಎನ್‌ಯು ಅನ್ನುತ್ತಾರೆ, ಲೈನ್‌ಮ್ಯಾನ್‌ಗಳ ಬಾಯಲ್ಲಿ ಬರೀ "ಮೋಡೆಮ್". ಬೆಳಕನ್ನು ಡೇಟಾ ಮಾಡುವ ಕೆಲಸ ಇದರದು. ಅದರ ಮೇಲೆ ಪಾನ್ (PON) ಎಂದು ಬರೆದ ದೀಪ ಹಸಿರಾಗಿ ಅಲುಗದೆ ನಿಂತಿರಬೇಕು. ಲಾಸ್ (LOS) ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ದಾರ ಎಲ್ಲೋ ಮಡಚಿದೆ, ಇಲಿ ಕಡಿದಿದೆ, ಇಲ್ಲವೇ ಕಂಬದಲ್ಲಿ ಕಿತ್ತಿದೆ. ಆಗ ಎಂಥ ರೂಟರ್ ತಂದರೂ ಪ್ರಯೋಜನವಿಲ್ಲ.

ಕಂಪನಿ ಕೊಡುವ ಒಎನ್‌ಟಿಯಲ್ಲೇ ಸಾಮಾನ್ಯವಾಗಿ ವೈಫೈ ಕೂಡ ಇರುತ್ತದೆ. ಅದನ್ನು ಎಸೆದು ಬೇರೆಯದು ಹಾಕಲು ಅಷ್ಟು ಸುಲಭವಿಲ್ಲ. ಫೈಬರ್ ಜಾಲ ಆ ಪೆಟ್ಟಿಗೆಯನ್ನು ಅದರ ಸೀರಿಯಲ್ ನಂಬರಿನಿಂದ ಗುರುತು ಹಿಡಿಯುತ್ತದೆ. ಜಿಯೋ, ಏರ್‌ಟೆಲ್‌ನಂಥ ಕಡೆ ಅವರ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ, ನಿಮ್ಮ ರೂಟರ್ ಅದರ ಹಿಂದೆ ಕೂರುತ್ತದೆ. ಬಿಎಸ್‌ಎನ್‌ಎಲ್ ಫೈಬರ್ ಮತ್ತು ಊರಿನ ಕೇಬಲ್ ಆಪರೇಟರುಗಳಲ್ಲಿ ಸ್ವಂತ ಒಎನ್‌ಟಿಗೆ ಅವಕಾಶ ಹೆಚ್ಚು, ಆದರೆ ಕೊಳ್ಳುವ ಮೊದಲು ಅವರನ್ನೇ ಕೇಳಿ. ಫೈಬರ್ ಜಾಲದಲ್ಲಿ ಜಿಪಾನ್ ಮತ್ತು ಇಪಾನ್ ಎಂದು ಎರಡು ಬಗೆ ಇವೆ, ಒಂದರದು ಇನ್ನೊಂದಕ್ಕೆ ಆಗದು. "ಎಕ್ಸ್‌ಪಾನ್" ಎಂದಿದ್ದರೆ ಎರಡಕ್ಕೂ ಹೊಂದುತ್ತದೆ. ದಾರದ ತುದಿಯ ಬಣ್ಣವನ್ನೂ ನೋಡಿಕೊಳ್ಳಿ: ಹಸಿರು ತುದಿಯನ್ನು ನೀಲಿ ತೂತಿಗೆ ತುರುಕಿದರೆ ಕೂರುತ್ತದೆ, ಆದರೆ ಒಳಗೆ ಗಾಜಿನ ಮುಖಗಳು ಸರಿಯಾಗಿ ಮುಟ್ಟುವುದಿಲ್ಲ, ಬೆಳಕು ಸೋರುತ್ತದೆ.

ಹಾಗಾದರೆ ನಿಮ್ಮ ಹೊಸ ರೂಟರನ್ನು ಅವರ ಪೆಟ್ಟಿಗೆಗೆ ಜೋಡಿಸುವುದು ಹೇಗೆ? ದಾರಿ ಎರಡು. ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಲಾಗಿನ್ ಕೆಲಸವನ್ನೆಲ್ಲ ನಿಮ್ಮ ರೂಟರಿಗೆ ವಹಿಸಬಹುದು. ಆಗ ಆಪರೇಟರಿನಿಂದ ಪಿಪಿಪಿಒಇ (ಅವರ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಅವರ ಜಾಲದೊಳಗೆ ನಿಮ್ಮ ನೆಟ್ ಹರಿಯುವ ಹಾದಿಯ ಗುರುತು) ಬರೆಸಿಕೊಳ್ಳಬೇಕು. ಒಎನ್‌ಟಿಗೇ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಬ್ರಿಡ್ಜ್ ಮಾಡಿದ ಮೇಲೆ ಅದು ಸತ್ತೀತು, ಮೊದಲೇ ವಿಚಾರಿಸಿ. ಇನ್ನೊಂದು ದಾರಿ, ಅವರ ಪೆಟ್ಟಿಗೆಯನ್ನು ಇದ್ದ ಹಾಗೇ ಬಿಟ್ಟು ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಹಾಕುವುದು. ಅದು ಬರೀ ವೈಫೈ ಹರಡುತ್ತದೆ, ಉಳಿದ ತಲೆನೋವು ಅವರ ಪೆಟ್ಟಿಗೆಯದು. ನಾನು ಹತ್ತರಲ್ಲಿ ಎಂಟು ಮನೆಗೆ ಈ ಎರಡನೆಯದನ್ನೇ ಹೇಳುತ್ತೇನೆ. ನೆಟ್ ಹೋದ ದಿನ ಲೈನ್‌ಮ್ಯಾನ್ ಬಂದು "ನಿಮ್ಮ ರೂಟರಿಂದಲೇ ತೊಂದರೆ ಸಾರ್" ಎಂದು ಕೈತೊಳೆದುಕೊಳ್ಳಲು ಅವಕಾಶ ಸಿಗುವುದಿಲ್ಲ. ಎರಡು ರೂಟರ್ ಒಂದರ ಹಿಂದೊಂದು ರೂಟರುಗಳಾಗಿಯೇ ಕೂತರೂ ಯೂಟ್ಯೂಬ್ ನಡೆಯುತ್ತದೆ. ಆದರೆ ಒಂದು ಜಾಲದ ಪ್ರಿಂಟರ್ ಇನ್ನೊಂದರ ಲ್ಯಾಪ್‌ಟಾಪಿಗೆ ಕಾಣದೆ ಆಟ ಆಡಿಸುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಥೆ ಬೇರೆ. ಆಕ್ಟ್‌ನಂಥ ಸಂಪರ್ಕಗಳಲ್ಲಿ ಫೈಬರ್ ಕಟ್ಟಡದ ತನಕ ಬಂದು, ಅಲ್ಲಿಂದ ಮನೆಗೆ ಬರೀ ಈಥರ್ನೆಟ್ ಕೇಬಲ್ ಬರುವುದುಂಟು. ಗೋಡೆಯಿಂದ ಹೊರಬರುವ ತುದಿ ಲ್ಯಾಪ್‌ಟಾಪಿನ ನೆಟ್‌ವರ್ಕ್ ತೂತಿಗೆ ನೇರ ಕೂರುವಂತಿದ್ದರೆ ನೀವು ಅದೃಷ್ಟವಂತರು: ಒಎನ್‌ಟಿಯ ರಗಳೆ ಇಲ್ಲ, ಅಂಗಡಿಯ ಯಾವ ಸಾದಾ ರೂಟರೂ ನಡೆಯುತ್ತದೆ. ಕೆಲವು ಆಪರೇಟರುಗಳು ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಪ್ರತಿ ಸಾಧನಕ್ಕೂ ಇರುವ ಗುರುತು ಸಂಖ್ಯೆ) ಕಟ್ಟಿಹಾಕಿರುತ್ತಾರೆ. ಹೊಸದು ಹಾಕಿದ ದಿನ ನೆಟ್ ಬಾರದಿದ್ದರೆ ಫೋನ್ ಮಾಡಿ ಬಿಡಿಸಿ, ಇಲ್ಲವೇ ರೂಟರಿನ ಸೆಟ್ಟಿಂಗಿನಲ್ಲಿ ಹಳೆಯ ಮ್ಯಾಕ್ ನಕಲು ಮಾಡಿ. ಏರ್ ಫೈಬರ್ (ತಂತಿಯಿಲ್ಲದೆ 5ಜಿಯಲ್ಲಿ ಬರುವ ಮನೆಯ ನೆಟ್) ಇದ್ದರೆ ಛಾವಣಿಯ ಮೇಲಿನ 5ಜಿ ಪೆಟ್ಟಿಗೆಯೂ ಒಳಗಿನ ರೂಟರೂ ಕಂಪನಿಯವೇ. ನಿಮಗೆ ಉಳಿಯುವುದು ಆಕ್ಸೆಸ್ ಪಾಯಿಂಟ್ ದಾರಿ ಮಾತ್ರ.

ಇಲ್ಲೇ ಒಂದು ಮಾತು. ಅಮೆರಿಕದಿಂದ ಬರುವ ಮಗನೋ ಮಗಳೋ ಅಲ್ಲಿಯ ರೂಟರನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವುದು ನಮ್ಮಲ್ಲಿ ಇದೆ. ಬರೀ ರೂಟರಾದರೆ ಪ್ಲಗ್ ಬದಲಿಸಿ ಬಳಸಬಹುದು. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದೆಯೇ ಎಂದು ಮಾತ್ರ ನೋಡಿ, ಬರೀ 120 ಎಂದಿದ್ದರೆ ಚುಚ್ಚಿದ ಕೂಡಲೇ ಹೊಗೆ. ಆದರೆ ಅದು ಕೇಬಲ್ ಮೋಡೆಮ್ ಸೇರಿದ ಜಾತಿಯಾದರೆ, ಅಂದರೆ ಟಿವಿ ಕೇಬಲ್ ತಿರುಗಿಸಿ ಬಿಗಿಯುವ ತಿರುಪು ಅದರ ಹಿಂದೆ ಇದ್ದರೆ, ಇಲ್ಲಿನ ಫೈಬರಿಗೆ ಅದು ಆಗುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿ

ಎಸಿ1200, ಎಎಕ್ಸ್1500, ಎಎಕ್ಸ್3000 (ಎಸಿ ಎಂದರೆ ವೈಫೈ 5, ಎಎಕ್ಸ್ ಎಂದರೆ ವೈಫೈ 6). ಈ ಅಂಕಿಗಳು ಅಂಗಡಿಯವರಿಗೆ ಬಹಳ ಪ್ರೀತಿ. 1200 ಎಂದರೆ 1200 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಬರುತ್ತದೆ ಎಂದಲ್ಲ. ರೂಟರಿನ ಎರಡು ರೇಡಿಯೊ ಪಟ್ಟಿಗಳ (ಬ್ಯಾಂಡ್) ವೇಗವನ್ನು, ಅಂದರೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಕೂಡಿಸಿ, ಮೇಲಕ್ಕೆ ಉರುಟು ಮಾಡಿದ್ದು. ನಿಮ್ಮ ಫೋನ್ ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿರುತ್ತದೆ, ಅದೂ ಕಾಗದದ ಮೇಲಿನ ವೇಗದ ಅರ್ಧದಿಂದ ಮುಕ್ಕಾಲಿನಷ್ಟು ಸಿಕ್ಕರೆ ಚೆನ್ನಾಗಿದೆ ಅನ್ನಬೇಕು. ಎಎಕ್ಸ್3000ದಲ್ಲಿ 574 ಮತ್ತು 2402 ಕೂಡಿವೆ. ಆ 2402 ಸಿಗಬೇಕಾದರೆ ಫೋನೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಹಿಡಿಯಬೇಕು. ಬಹಳಷ್ಟು ಫೋನುಗಳು 80ಕ್ಕೇ ನಿಲ್ಲುತ್ತವೆ, ಅವುಗಳಿಗೆ ಅದು ಎಎಕ್ಸ್1500 ಇದ್ದ ಹಾಗೇ.

ಕೊಂಬುಗಳ ಲೆಕ್ಕವೂ ಇಷ್ಟೇ. ಸಾಮಾನ್ಯ ಫೋನಿನಲ್ಲಿ ವೈಫೈಗೆ ಎರಡು ಆಂಟೆನಾ. ರೂಟರಿಗೆ ಎಂಟು ಇದ್ದರೂ ಫೋನಿನ ಜೊತೆ ಎರಡು ಸಾಲಿನಲ್ಲೇ ಮಾತು.

ಯಾರೂ ನೋಡದ ಅಂಕಿ ಮಾತ್ರ ನಿಜವಾಗಿ ಕಚ್ಚುತ್ತದೆ: ಹಿಂದಿನ ತೂತುಗಳ ವೇಗ. ಟಿಪಿ-ಲಿಂಕ್‌ನದೇ ಎರಡು ಉದಾಹರಣೆ. ಆರ್ಚರ್ ಸಿ50 ಎಸಿ1200, ಆರ್ಚರ್ ಸಿ6 ಕೂಡ ಎಸಿ1200. ಮೊದಲನೆಯದರ ಪೋರ್ಟುಗಳು 100 ಎಂಬಿಪಿಎಸ್‌ನವು, ಎರಡನೆಯದರವು ಗಿಗಾಬಿಟ್ (1000 ಎಂಬಿಪಿಎಸ್). ನಿಮ್ಮದು 200 ಎಂಬಿಪಿಎಸ್ ಪ್ಲಾನ್ ಎಂದುಕೊಳ್ಳಿ. ಸಿ50 ಹಾಕಿದರೆ ವೈಫೈ ಎಷ್ಟೇ ಚುರುಕಾಗಿರಲಿ, ಮನೆಗೆ ಬರುವ ನೆಟ್ 94ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸ್ಪೀಡ್ ಟೆಸ್ಟ್ ಪ್ರತಿ ಸಲ 93, 94 ಎಂದೇ ತೋರಿಸುತ್ತಿದ್ದರೆ ಕಂಪನಿಯನ್ನು ಬೈಯುವ ಮೊದಲು ಪೋರ್ಟ್ ನೋಡಿ. ಕೇಬಲಿನೊಳಗಿನ ಎಂಟು ಎಳೆಗಳಲ್ಲಿ ಒಂದು ತುಂಡಾದರೂ ಇದೇ ಅಂಕಿ ಬರಬಹುದು, ಏಕೆಂದರೆ ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಪ್ಲಾನ್ 100ರೊಳಗಿದ್ದು, ಮನೆಯೂ ಚಿಕ್ಕದಾದರೆ ಆ ಅಗ್ಗದ ರೂಟರಿನಲ್ಲಿ ತಪ್ಪೇನಿಲ್ಲ.

ಎಷ್ಟು ವೇಗ ಬೇಕು ಎಂಬುದಕ್ಕೂ ನಮ್ಮಲ್ಲಿ ಅತಿಯಾಸೆ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್. ವಿಡಿಯೊ ಮೀಟಿಂಗಿಗೆ ಮೂರು ನಾಲ್ಕು ಸಾಕು. 100ರ ಪ್ಲಾನಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ (ಮೆಗಾಬೈಟ್, ಎಂಟು ಬಿಟ್‌ಗೆ ಒಂದು ಬೈಟ್) ಇಳಿಯುತ್ತದೆ. ನಾಲ್ಕು ಜನರ ಮನೆಗೆ ಅದು ಧಾರಾಳ. ಮೀಟಿಂಗ್ ಕಡಿಯುವುದಕ್ಕೆ ಪ್ಲಾನ್ ಸಣ್ಣದಾಗಿದ್ದು ಕಾರಣವಾದದ್ದನ್ನು ನಾನು ನೋಡಿದ್ದು ಅಪರೂಪ. ಹೆಚ್ಚಿನ ಸಲ ಕಾರಣ ಗೋಡೆ.

ವೈಫೈ 5, 6, 7ರ ಮಾತಿಗೆ ಬಂದರೆ ನನ್ನ ಅಭಿಪ್ರಾಯ ಸರಳ. ಹೊಸದಾಗಿ ಕೊಳ್ಳುವುದಾದರೆ ವೈಫೈ 6 ಕೊಳ್ಳಿ. 2019ರಲ್ಲಿ ಪ್ರಮಾಣೀಕರಣ ಶುರುವಾದ ತಂತ್ರಜ್ಞಾನ, ಈಗ ಸಾಕಷ್ಟು ಅಗ್ಗವಾಗಿದೆ. ಅದರ ಲಾಭ ಕಾಣುವುದು ಒಂದೇ ಫೋನಿನ ಸ್ಪೀಡ್ ಟೆಸ್ಟಿನಲ್ಲಲ್ಲ, ಇಪ್ಪತ್ತು ಸಾಧನಗಳು ಒಟ್ಟಿಗೆ ಕೂತ ಮನೆಯಲ್ಲಿ. ಒಂದೇ ಸರದಿಯಲ್ಲಿ ಹಲವು ಸಾಧನಗಳಿಗೆ ಸ್ವಲ್ಪ ಸ್ವಲ್ಪ ಹಂಚುವುದು ಅದಕ್ಕೆ ಗೊತ್ತು. ಅಕ್ಕಪಕ್ಕದವರ ವೈಫೈ ಮೂವತ್ತು ಹೆಸರುಗಳಲ್ಲಿ ಇಣುಕುವ ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಚನ್ನರಾಯಪಟ್ಟಣದ ತೋಟದ ಮನೆಯಲ್ಲಿ ಇರುವ ವೈಫೈ 5 ರೂಟರನ್ನು ಬದಲಿಸಲು ಇದೊಂದೇ ಕಾರಣ ಸಾಲದು. ಇನ್ನು ವೈಫೈ 7: ಅದರ ಅಸಲಿ ಮೆರಗು 6 ಗಿಗಾಹರ್ಟ್ಸ್ ಪಟ್ಟಿಯಲ್ಲಿದೆ. ಆ ಪಟ್ಟಿಯ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಡುವ ಕರಡು ನಿಯಮ ಭಾರತದಲ್ಲಿ ಹೊರಬಂದದ್ದೇ 2025ರ ಮೇ ತಿಂಗಳಲ್ಲಿ. ಇಲ್ಲಿ ವೈಫೈ 7 ಎಂದು ಮಾರುವ ಹಲವು ರೂಟರುಗಳಲ್ಲಿ ಇರುವುದು ಹಳೆಯ ಎರಡೇ ಪಟ್ಟಿ. 300 ಎಂಬಿಪಿಎಸ್ ಪ್ಲಾನಿನ ಮನೆಗೆ ಇದು ಎತ್ತಿನಗಾಡಿಗೆ ಏರ್‌ಬ್ಯಾಗ್ ಹಾಕಿಸಿದ ಹಾಗೆ.

ಗೋಡೆಗಳ ಮುಂದೆ

ಈಗ ಶಿರಸಿಯ ಗೋಡೆಗೆ ಬರೋಣ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ. 5 ಚುರುಕು, ಆದರೆ ಗೋಡೆ ಕಂಡರೆ ಸುಸ್ತು. ಬೆಂಗಳೂರಿನ ನಾಲ್ಕಿಂಚಿನ ಬ್ಲಾಕ್ ಗೋಡೆ ಎರಡು ಬಂದರೂ 5 ತಡೆದುಕೊಂಡೀತು. ಕರಾವಳಿ, ಮಲೆನಾಡಿನ ಚಿರೆಕಲ್ಲು, ಉತ್ತರ ಕರ್ನಾಟಕದ ಎರಡಡಿ ಮಣ್ಣಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್, ಇವುಗಳ ಮುಂದೆ ಅದರ ಆಟ ಮುಗಿಯಿತು. ಕಬ್ಬಿಣದ ಬೀರು, ನಿಲುವುಗನ್ನಡಿ, ಫ್ರಿಜ್, ನೀರಿನ ಸಿಂಟೆಕ್ಸ್ ಎಲ್ಲವೂ ಅಡ್ಡಗಾಲು.

ಕೊಳ್ಳುವ ಮೊದಲು ಅಳೆಯಿರಿ. ಆಂಡ್ರಾಯ್ಡ್ ಫೋನಿಗೆ ಯಾವುದಾದರೂ ಉಚಿತ ವೈಫೈ ಅನಲೈಸರ್ ಹಾಕಿಕೊಂಡು, ಈಗಿರುವ ರೂಟರಿನಿಂದ ಶುರುಮಾಡಿ ಕೋಣೆ ಕೋಣೆ ನಡೆಯಿರಿ. ಸಿಗ್ನಲ್ ಬಲ ಹೇಳುವ ಡಿಬಿಎಂ ಎಂಬ ಋಣ ಸಂಖ್ಯೆ ಕಾಣುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಎಂದರೆ ಅದ್ಭುತ. ಮೈನಸ್ 67ರ ತನಕ ಮೀಟಿಂಗಿಗೆ ಅಡ್ಡಿಯಿಲ್ಲ. 75 ದಾಟಿತೋ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಆ ಮಾಳಿಗೆಯಲ್ಲಿ ಮೈನಸ್ 84 ಇತ್ತು.

ಅಳೆದ ಮೇಲೆ, ಹೊಸದನ್ನು ತರುವ ಮೊದಲು ಇರುವುದನ್ನು ಸರಿಸಿ ನೋಡಿ. ಲೈನ್‌ಮ್ಯಾನ್ ಒಎನ್‌ಟಿ ಕೂರಿಸುವುದು ತನಗೆ ಅನುಕೂಲವಾದ ಕಡೆ, ಅಂದರೆ ದಾರ ಒಳಬಂದ ಕಿಟಕಿಯ ಬುಡದಲ್ಲೇ. ಇನ್ನೊಂದು ಹದಿನೈದು ಮೀಟರ್ ದಾರ ಎಳೆಸಿ ಮನೆಯ ನಡುವಿಗೆ, ತಲೆಯೆತ್ತರದಲ್ಲಿ ಕೂರಿಸಿದರೆ ಅರ್ಧ ಮನೆಗಳಲ್ಲಿ ಖರೀದಿಯ ಮಾತೇ ಮುಗಿಯುತ್ತದೆ. ಟಿವಿಯ ಹಿಂದೆ, ಶೋಕೇಸಿನೊಳಗೆ, ದೇವರ ಗೂಡಿನ ಕೆಳಗೆ ಬೇಡ.

ಸರಿಸಿಯೂ ಆಗದಿದ್ದರೆ ಮೂರು ಆಯ್ಕೆ. ರಿಪೀಟರ್ ಅಗ್ಗ, ಸಾವಿರದಿಂದ ಎರಡು ಸಾವಿರ. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮರುನುಡಿಯುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಜನ ಮಾಡುವ ದೊಡ್ಡ ತಪ್ಪೆಂದರೆ ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಚುಚ್ಚುವುದು. ಕೇಳಿಸದ ಜಾಗದಲ್ಲಿ ನಿಂತವ ಏನನ್ನು ಮರುನುಡಿಯುತ್ತಾನೆ? ಸಿಗ್ನಲ್ ಚೆನ್ನಾಗಿರುವ ಕೊನೆಯ ಜಾಗದಲ್ಲಿ ಅದು ಇರಬೇಕು. ಹಿತ್ತಿಲಲ್ಲಿ ವಾಟ್ಸಾಪ್ ಬಂದರೆ ಸಾಕು ಅನ್ನುವವರಿಗೆ ರಿಪೀಟರ್ ಸರಿ, ಕೆಲಸದ ಮೀಟಿಂಗಿಗೆ ನಾನು ಹೇಳುವುದಿಲ್ಲ.

ಮೆಶ್ ಎಂದರೆ ಟಿಪಿ-ಲಿಂಕ್‌ನ ಡೆಕೊ ಮಾದರಿಯ ಎರಡು ಮೂರು ಗೂಟಗಳು ಒಂದೇ ಹೆಸರಿನಲ್ಲಿ ಕೆಲಸ ಮಾಡುವ ವ್ಯವಸ್ಥೆ. ನಡೆದಾಡುವಾಗ ಫೋನ್ ತಾನಾಗಿ ಹತ್ತಿರದ ಗೂಟಕ್ಕೆ ಬದಲಾಗುತ್ತದೆ, ಮೀಟಿಂಗ್ ಕಡಿಯುವುದಿಲ್ಲ. ಎರಡಂತಸ್ತಿನ ಮನೆಗೆ, ವಯಸ್ಸಾದವರು "ಯಾವ ವೈಫೈ ಒತ್ತಲಿ" ಎಂದು ಕೇಳುವ ಮನೆಗೆ ಇದಕ್ಕಿಂತ ನೆಮ್ಮದಿ ಬೇರಿಲ್ಲ. ಆದರೆ ಗೂಟಗಳು ಪರಸ್ಪರ ಗಾಳಿಯಲ್ಲೇ ಮಾತಾಡುವುದಾದರೆ ಅವುಗಳ ನಡುವಿನ ಚಿರೆಕಲ್ಲು ಹಾಗೇ ಇರುತ್ತದಲ್ಲ. ಅಗ್ಗದ ಮೆಶ್‌ಗಳಲ್ಲೂ 100ರ ಪೋರ್ಟಿನ ಕಥೆ ಇದೆ, ಗಿಗಾಬಿಟ್ ಎಂದು ಖಚಿತಪಡಿಸಿಕೊಳ್ಳಿ.

ಮೂರನೆಯದು ಕೇಬಲ್. ಯಾರಿಗೂ ಇಷ್ಟವಿಲ್ಲ, ಗೋಡೆಗೆ ತೂತು ಬೀಳುತ್ತದೆ, ಹೆಂಡತಿ ಒಪ್ಪುವುದಿಲ್ಲ. ಆದರೂ ಇದರ ಎದುರು ಉಳಿದೆರಡು ನಿಲ್ಲುವುದಿಲ್ಲ. ಕ್ಯಾಟ್ 5ಇ ಕೇಬಲ್ ಸಾಕು, ನೂರು ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅರ್ಧ ಬೆಲೆಗೆ ಸಿಗುತ್ತದೆ, ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನಲ್ಲಿ ಇದನ್ನು ಎಳೆಯಬೇಡಿ. ಆ ತುದಿಗೆ ಹಳೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ ಹಾಕಿದರೆ ಮುಗಿಯಿತು. ಹೊಸದಾಗಿ ಮನೆ ಕಟ್ಟಿಸುತ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮೊದಲೇ ಪ್ರತಿ ಅಂತಸ್ತಿಗೊಂದು ಖಾಲಿ ಪೈಪ್ ಹಾಕಿಸಿಡಿ.

ಶಿರಸಿಯಲ್ಲಿ ಮಾಡಿದ್ದೂ ಅದನ್ನೇ. ಡಿಶ್ ಟಿವಿಗೆಂದು ಹಿಂದೆ ಕೊರೆದ ತೂತು ಮಾಳಿಗೆಯ ಗೋಡೆಯಲ್ಲಿ ಇತ್ತು. ಇಪ್ಪತ್ತು ಮೀಟರ್ ಕೇಬಲ್ ಅದರೊಳಗೆ ತೂರಿಸಿ, ಆರು ಕೊಂಬಿನದನ್ನೇ ಮೇಲೆ ಒಯ್ದಿಟ್ಟೆವು. ಕೆಳಗೆ ಹಳೆಯ ಒಎನ್‌ಟಿಯ ವೈಫೈ. ಮಾಳಿಗೆಯಲ್ಲಿ ಮೈನಸ್ 41.

ಕರೆಂಟು, ಗುಡುಗು

ರೂಟರಿಗೆ ಬೇಕಾದ ಕರೆಂಟ್ ಬಹಳ ಕಮ್ಮಿ, ಸಾಮಾನ್ಯವಾಗಿ 12 ವೋಲ್ಟ್, ಒಂದೆರಡು ಆಂಪಿಯರ್. ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗ ನೆಟ್ ಎರಡು ನಿಮಿಷ ಸಾಯುತ್ತದೆಯೇ? ಇನ್ವರ್ಟರ್ ಬದಲಾಗುವ ಅರೆಕ್ಷಣದಲ್ಲಿ ರೂಟರ್ ಆರಿ ಮತ್ತೆ ಏಳುತ್ತಿದೆ ಎಂದರ್ಥ. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದಕ್ಕೆ ತಿರುಗಿಸಿ ನೋಡಿ. ಇನ್ವರ್ಟರ್ ಇಲ್ಲದವರಿಗೆ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ಒಎನ್‌ಟಿ, ರೂಟರ್ ಎರಡೂ ಇದ್ದರೆ ಎರಡು ಔಟ್‌ಪುಟ್ ಇರುವುದನ್ನೇ ತನ್ನಿ. ರೂಟರಿನ ತಳದಲ್ಲಿ ವೋಲ್ಟೇಜ್ ಓದಿಕೊಂಡು ಹೋಗಿ, 9 ವೋಲ್ಟಿನವೂ ಇವೆ.

ಮಲೆನಾಡಿನವರು ಸಿಡಿಲಿಗೆ ಹೆದರಿ ಫೈಬರ್ ಹಾಕಿಸಿದ್ದುಂಟು. ಗಾಜಿನಲ್ಲಿ ಕರೆಂಟ್ ಹರಿಯದು, ನಿಜ. ಆದರೆ ಕಂಬದಿಂದ ಬರುವ ಆ ಚಪ್ಪಟೆ ದಾರದಲ್ಲಿ ಎಳೆತ ತಡೆಯಲು ಉಕ್ಕಿನ ತಂತಿ ಇರುವುದುಂಟು, ಪ್ಲಗ್ಗಿನ ದಾರಿಯಂತೂ ಇದ್ದೇ ಇದೆ. ಎಲ್ಲಕ್ಕಿಂತ ಅಪಾಯ ಮನೆಯಿಂದ ಮನೆಗೆ, ಅಥವಾ ಮನೆಯಿಂದ ಕೊಟ್ಟಿಗೆಗೆ ಬಯಲಲ್ಲಿ ಎಳೆದ ಈಥರ್ನೆಟ್ ಕೇಬಲ್. ವೈಫೈ ಹೆಸರು ಕಾಣುತ್ತಿದ್ದೂ ನೆಟ್ ಬಾರದೆ, ಕೇಬಲ್ ಚುಚ್ಚಿದರೂ ವ್ಯಾನ್ ಪೋರ್ಟಿನ (ಹೊರಗಿನ ನೆಟ್ ಬರುವ ತೂತು) ದೀಪ ಹೊತ್ತದಿದ್ದರೆ, ಮೊನ್ನೆಯ ಗುಡುಗಿಗೆ ಆ ಪೋರ್ಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೂ ಹೊರಗಿನ ಕೇಬಲನ್ನೂ ಕೀಳಬೇಕು, ಒಂದನ್ನೇ ಅಲ್ಲ. ಕೊಟ್ಟಿಗೆಯ ಕ್ಯಾಮೆರಾಗೆ ಬಯಲಲ್ಲಿ ಎಳೆಯುವುದಾದರೆ ಕಬ್ಬಿಣವಿಲ್ಲದ ಫೈಬರನ್ನೇ ಎಳೆಸಿ.

ಹೊಸದು ತಂದ ದಿನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ, ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ. ಸ್ಮಾರ್ಟ್ ಪ್ಲಗ್, ಅಗ್ಗದ ಕ್ಯಾಮೆರಾಗಳು ಬಹುತೇಕ 2.4 ಮಾತ್ರ ಬಲ್ಲವು. ಅವು ಜೋಡಣೆಯಾಗದೆ ಸತಾಯಿಸಿದರೆ ಎರಡು ಪಟ್ಟಿಗೂ ಬೇರೆ ಬೇರೆ ಹೆಸರಿಡಿ. 2.4ರ ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದಿರಲಿ.

ಅಂಗಡಿಗೆ ಹೋಗುವಾಗ ಫೋನಿನಲ್ಲಿ ಎರಡು ಫೋಟೊ ಇಟ್ಟುಕೊಳ್ಳಿ: ಒಎನ್‌ಟಿಯ ತಳದ ಲೇಬಲ್ಲಿನದು, ಗೋಡೆಯಿಂದ ಬರುವ ತಂತಿಯ ತುದಿಯದು. ವಾಪಸ್ ತೆಗೆದುಕೊಳ್ಳುತ್ತಾರೋ ಎಂದು ಬಿಲ್ ಬರೆಸುವ ಮೊದಲೇ ಕೇಳಿ. ಮನೆಗೆ ತಂದು ಪರೀಕ್ಷೆ ಮಾಡುವುದು ಮಧ್ಯಾಹ್ನವಲ್ಲ, ರಾತ್ರಿ ಒಂಬತ್ತಕ್ಕೆ, ಊರೆಲ್ಲ ನೆಟ್ ಮೇಲೆ ಬಿದ್ದ ಹೊತ್ತಿಗೆ. ರೂಟರ್ ಪಕ್ಕ ನಿಂತು ಅಲ್ಲ, ನೀವು ದಿನಾ ಕೂರುವ ಆ ದೂರದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು.